ಅಮೆರಿಕದಲ್ಲಿ ಸಿಕ್ಕ ಜಪಾನಿನ ಅತ್ತೆ

ಅಟ್ಲಾಂಟಾ

ವಿದೇಶಕ್ಕೆ ಹೋಗಿಬಂದವರು ಮೊದಲು ವಿಮಾನದ ಕಿಟಕಿಯಿಂದ ಕಂಡ ಮೋಡಗಳನ್ನು ವರ್ಣಿಸುತ್ತಾರೆ. ನನಗೆ ಸಿಕ್ಕಿದ್ದು ನಡುವಿನ ಸೀಟು. ಎಡಕ್ಕೆ ಮಲಗಿದವರೊಬ್ಬರು, ಬಲಕ್ಕೆ ಮಲಗಲು ಬಿಡದವರೊಬ್ಬರು. ಮೋಡಗಳ ವಿಷಯವನ್ನು ಬೇರೆಯವರ ಪುಸ್ತಕದಲ್ಲಿ ಓದಿಕೊಳ್ಳಿ. ನಾನು ಅಟ್ಲಾಂಟಾದ ಕಸ್ಟಮ್ಸ್ ಕಟ್ಟೆಯಿಂದ ಶುರು ಮಾಡುತ್ತೇನೆ.

ನನ್ನ ಕಸುಬು ಸೀರೆ. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಇಳಕಲ್ ಸೀರೆಯ ಗಂಟು ಹೊತ್ತು ಬಾಗಿಲು ಬಾಗಿಲು ತಿರುಗಿದವಳು, ಈಗ ಎರಡು ಮಹಡಿಯ ಅಂಗಡಿ ಇಟ್ಟಿದ್ದೇನೆ. ತೊಂಬತ್ತರ ದಶಕದ ನಡುವೆ ನಮ್ಮ ಕಡೆಯ ಹೆಣ್ಣುಮಕ್ಕಳು ಅಮೆರಿಕಕ್ಕೆ ಹೋಗಿ, ಅಲ್ಲಿ ಒಳ್ಳೆಯ ಸೀರೆ ಸಿಗುವುದಿಲ್ಲವೆಂದು ನನಗೇ ಫೋನ್ ಮಾಡತೊಡಗಿದರು. ಗಿರಾಕಿ ಕರೆದ ಮೇಲೆ ಗಂಟು ಹೊರದೆ ಇರಲಾದೀತೇ? ಎರಡು ದೊಡ್ಡ ಪೆಟ್ಟಿಗೆ ತುಂಬಿಕೊಂಡು ಹೊರಟೆ.

ಕಸ್ಟಮ್ಸ್ ಅಧಿಕಾರಿ ಪೆಟ್ಟಿಗೆ ತೆರೆಸಿ, "ಇವನ್ನೆಲ್ಲ ನೀವೊಬ್ಬರೇ ಉಡುತ್ತೀರಾ?" ಎಂದು ಕೇಳಿದ. "ಮಾರಲು ತಂದದ್ದು," ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವನು ಸುಂಕದ ಚೀಟಿ ಬರೆದು ಮುಂದೆ ಚಾಚಿದ. ನಾನು ಚೀಟಿಯ ಕಡೆ ಕಣ್ಣೂ ಹಾಯಿಸದೆ, "ಲಾಸ್ಟ್ ಪ್ರೈಸ್?" ಎಂದೆ. ಅವನ ನೌಕರಿಯಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲವಂತೆ. ಮೇಲಧಿಕಾರಿಯನ್ನು ಕರೆದ. ಮೇಲಧಿಕಾರಿಗೂ ಅದನ್ನೇ ಕೇಳಿದೆ. ಇಬ್ಬರೂ ಸೇರಿ ನನಗೆ ಕುರ್ಚಿ ಹಾಕಿಸಿ, ಸರಕಾರ ಮತ್ತು ಅಂಗಡಿಗಳ ನಡುವಿನ ವ್ಯತ್ಯಾಸ ವಿವರಿಸಿದರು. ಒಂದು ಡಾಲರೂ ಇಳಿಯಲಿಲ್ಲ. ಆದರೂ ಹೊಸದಾಗಿ ಹೋಗುವವರಿಗೆ ನನ್ನ ಸಲಹೆ ಇಷ್ಟೇ: ಕೇಳಿ ನೋಡಿ. ಬೆಲೆ ಇಳಿಯದಿದ್ದರೂ ಕೂರಲು ಜಾಗ ಸಿಗುತ್ತದೆ.

ಇಳಿದುಕೊಂಡದ್ದು ಅಟ್ಲಾಂಟಾ ಪಕ್ಕದ ನಾರ್‌ಕ್ರಾಸಿನಲ್ಲಿ, ಗಿರಾಕಿಯೊಬ್ಬರ ಮನೆಯಲ್ಲಿ. ಅಲ್ಲಿಯ ಇಂಡಿಯನ್ ಅಂಗಡಿಯಲ್ಲಿ ಕರಿಬೇವನ್ನು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ, ಬೆಲೆಯ ಚೀಟಿ ಅಂಟಿಸಿ ಇಟ್ಟಿದ್ದರು. ಕೊತ್ತಂಬರಿ ತೆಗೆದುಕೊಂಡವರಿಗೆ ಕರಿಬೇವು ಹಾಗೇ ಹಾಕಿಕೊಡುವುದು ಲೋಕದ ನಿಯಮ. ಅದನ್ನು ಮಾಲೀಕರಿಗೆ ನೆನಪಿಸಿದೆ. ಜೊತೆಗೆ ಬಂದಿದ್ದ ಗಿರಾಕಿಯ ಮಗಳು, ಒಂಬತ್ತು ವರ್ಷದವಳು, ನನ್ನ ಸೆರಗು ಎಳೆದು, "ಆಂಟಿ, ಪ್ಲೀಸ್, ಬೇಡಾ, ಇಟ್ಸ್ ಸೋ ಎಂಬ್ಯಾರಸಿಂಗ್!" ಎಂದಳು. ಮಾಲೀಕ ಗುಜರಾತಿ. ನನ್ನನ್ನು ಬಹಳ ಹೊತ್ತು ನೋಡಿ, "ಬೆಹೆನ್, ಊರು ಬಿಟ್ಟ ಮೇಲೆ ಹೀಗೆ ಕೇಳಿದವರು ನೀವೇ ಮೊದಲು," ಎಂದು ಎರಡು ಪ್ಯಾಕೆಟ್ ಕರಿಬೇವು ಸುಮ್ಮನೆ ಕೊಟ್ಟ. ಅವನ ಕಣ್ಣು ಒದ್ದೆಯಾಗಿತ್ತು. ಅಲ್ಲಿಯ ನಮ್ಮ ಮಂದಿಗೆ ಎಲ್ಲ ಸೌಕರ್ಯವೂ ಇದೆ, ಜಗ್ಗಾಡುವವರು ಮಾತ್ರ ಇಲ್ಲ.

ಗ್ರೀನ್‌ವಿಲ್

ಅಟ್ಲಾಂಟಾದಿಂದ ದಕ್ಷಿಣ ಕ್ಯಾರೊಲೈನಾದ ಗ್ರೀನ್‌ವಿಲ್ಲಿಗೆ ಹೋದೆ. ಧಾರವಾಡದ ಡಾಕ್ಟರ್ ವೀಣಾ ಅಲ್ಲಿಯ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮುಂಚೆ ರೋಗಿಗಳಿಗೆ ಅರಿವಳಿಕೆ ಕೊಡುವ ವೈದ್ಯೆ. ನನ್ನನ್ನು ಕಂಡದ್ದೇ ಮಾತಿಗೆ ಶುರುವಿಟ್ಟವಳು ಎರಡು ದಿನ ನಿಲ್ಲಿಸಲಿಲ್ಲ. "ಗಂಗಕ್ಕ, ತಪ್ಪು ತಿಳ್ಕೋಬ್ಯಾಡ್ರಿ. ದಿನಾ ನಾ ಮಾತಾಡಾಕ ಶುರು ಮಾಡೂದ್ರಾಗ ಎದುರಿಗಿದ್ದವ್ರು ನಿದ್ದಿ ಹೋಗಿರ್ತಾರ," ಎಂದಳು.

ಮೂರನೆಯ ದಿನ ತರಕಾರಿಗೆಂದು ದೊಡ್ಡ ಅಂಗಡಿಗೆ ಹೋದೆವು. ಬದನೆಕಾಯಿಯ ರಾಶಿಯ ಮುಂದೆ ಒಬ್ಬ ಹೆಂಗಸು ನಿಂತಿದ್ದರು. ಒಂದೊಂದೇ ಬದನೆಕಾಯಿ ಎತ್ತುವುದು, ಬೆರಳಿನಿಂದ ಒತ್ತುವುದು, ಅದು ಮಾಡಿದ ತಪ್ಪೇನೆಂದು ತಿಳಿದವರಂತೆ ನೋಡಿ ಬದಿಗಿಡುವುದು. ಆ ನೋಟವನ್ನು ನಾನು ಎಲ್ಲಿದ್ದರೂ ಗುರುತಿಸುತ್ತೇನೆ. ಅದೇ ಅತ್ತೆ!

ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಕೆಲವು ವರ್ಷಗಳ ಹಿಂದೆ ಭಾನುವಾರ ಬೆಳಿಗ್ಗೆ ನಮ್ಮ ಟೀವಿಯಲ್ಲಿ ಜಪಾನಿನ ಧಾರಾವಾಹಿಯೊಂದು ಹಿಂದಿಗೆ ಡಬ್ ಆಗಿ ಬರುತ್ತಿತ್ತು. ಕಾಗದದ ಕೊಡೆ ಮಾಡುವ ಮನೆತನ, ಬಡ ಸೊಸೆ, ಅವಳನ್ನು ಅರೆಯುವ ಅತ್ತೆ. ನಮ್ಮ ಓಣಿಯಲ್ಲಿ ಹಿಂದಿ ಬರುತ್ತಿದ್ದವರು ಮೂರು ಮಂದಿ, ಅಳುತ್ತಿದ್ದವರು ಅರವತ್ತು ಮಂದಿ. ಹಿಮ ಸುರಿಯುವಾಗ ಆ ಅತ್ತೆ ಸೊಸೆಯನ್ನು ಕೊಡೆಗಳ ಹೊರೆ ಹೊರಿಸಿ ಪಕ್ಕದ ಊರಿಗೆ ಅಟ್ಟಿದಳಲ್ಲ, ಆ ವಾರ ನನ್ನ ಅಂಗಡಿಯ ಹುಡುಗಿಯರು ಮಧ್ಯಾಹ್ನದವರೆಗೆ ಒಂದು ಸೀರೆಯನ್ನೂ ಮಡಿಸಲಿಲ್ಲ. ಅಷ್ಟೊಂದು ಕೊಡೆ ಹೊತ್ತವಳು ಒಂದನ್ನಾದರೂ ಬಿಚ್ಚಿ ಹಿಡಿಯಬಾರದಿತ್ತೇ ಎಂದು ನನಗೊಬ್ಬಳಿಗೇ ತೋಚಿದ್ದು.

ಆಕೆಯ ಎದುರು ಹೋಗಿ ನಿಂತು, ಜೋರಾಗಿ ಕೇಳಿಯೇಬಿಟ್ಟೆ: "ಉಸ್ ಬೇಚಾರಿ ಕೋ ಬರ್ಫ್ ಮೇ ಕ್ಯೋಂ ಭೇಜಾ?"

ಹೌದು, ಹಿಂದಿಯಲ್ಲಿ. ವರ್ಷವಿಡೀ ಆಕೆ ನಮ್ಮ ಮನೆಯಲ್ಲಿ ಹಿಂದಿಯಲ್ಲೇ ಗದರಿದ್ದರಲ್ಲ, ಜಪಾನಿನವರಿಗೆ ಹಿಂದಿ ಬರುವುದಿಲ್ಲ ಎಂಬುದು ಆ ಕ್ಷಣಕ್ಕೆ ತಲೆಗೇ ಹೊಳೆಯಲಿಲ್ಲ. ಆಕೆ ಬದನೆಕಾಯಿ ಹಿಡಿದುಕೊಂಡೇ ಎರಡು ಹೆಜ್ಜೆ ಹಿಂದೆ ಸರಿದರು. ವೀಣಾ ನಾಚಿಕೆಯಿಂದ ಕೆಂಪಾಗಿ, ಕ್ಷಮೆ ಕೇಳಿ, ಇವರು ಇಂಡಿಯಾದಿಂದ ಬಂದವರು, ಆ ಬಡ ಹುಡುಗಿಯನ್ನು ಹಿಮದಲ್ಲಿ ಏಕೆ ಕಳಿಸಿದಿರಿ ಎಂದು ಕೇಳುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು.

ಆಕೆ ನನ್ನನ್ನು ನೋಡಿದರು. ಬದನೆಕಾಯಿಯನ್ನು ರಾಶಿಗೆ ಮರಳಿಸಿದರು. ಸೊಂಟದವರೆಗೆ ಬಾಗಿ ನಮಸ್ಕರಿಸಿ, ಮೆಲ್ಲನೆ, "ಸ್ಕ್ರಿಪ್ಟ್," ಎಂದರು.

ತೊಮಿಕೊಬಾಯಿಯ ಮನೆ

ಹೆಸರು ತೊಮಿಕೊ ಅರಿಸಾವಾ. ನಾನು ತೊಮಿಕೊಬಾಯಿ ಎಂದೇ ಕರೆದೆ, ಅವರೂ ಓಗೊಟ್ಟರು. ಅವರ ಯಜಮಾನರು ಆ ಭಾಗದ ಜಪಾನಿ ಕಾರ್ಖಾನೆಯೊಂದರ ಮ್ಯಾನೇಜರ್. ಎಂಟು ವರ್ಷದಲ್ಲಿ ಅಮೆರಿಕದಲ್ಲಿ ತಮ್ಮನ್ನು ಗುರುತು ಹಿಡಿದವಳು ನಾನೇ ಮೊದಲು ಎಂದು ಮರುದಿನವೇ ಚಹಾಕ್ಕೆ ಕರೆದರು. ಅವರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ, ನನಗೂ ಅಷ್ಟಕ್ಕಷ್ಟೆ. ಹಾಗಾಗಿ ಒಂದು ಶಬ್ದವೂ ವ್ಯರ್ಥವಾಗಲಿಲ್ಲ. ಭಾಷೆ ಚೆನ್ನಾಗಿ ಬರುವವರೇ ಅರ್ಧ ತಾಸು ಮಾತಾಡಿ ಏನೂ ಹೇಳದೆ ಏಳುವುದು.

ಅವರ ಕಥೆ ಕೇಳಿ. ಊರು ಒಂದು ಸಣ್ಣ ಬಂದರು. ಅವ್ವ ಸಾರ್ವಜನಿಕ ಸ್ನಾನದ ಮನೆ ನಡೆಸುತ್ತಿದ್ದರು. ಹದಿನೇಳಕ್ಕೆ ಮನೆ ಬಿಟ್ಟು ಕ್ಯೋಟೋದ ಸ್ಟುಡಿಯೋ ಸೇರಿದರು. ಅಲ್ಲಿ ಕತ್ತಿ ಕಾಳಗದ ಸಿನಿಮಾಗಳಲ್ಲಿ ಹೆಣವಾಗುವುದು ಮೊದಲ ಕೆಲಸ. "ನಲವತ್ತು ಸಲ ಸತ್ತೆ," ಎಂದರು. "ಮೊದಮೊದಲು ಕಣ್ಣಿನ ರೆಪ್ಪೆ ಆಡ್ತಿತ್ತು. ಆಮೇಲೆ ಚೆನ್ನಾಗಿ ಸಾಯೋದು ಕಲಿತೆ. ಡೈರೆಕ್ಟರ್ ಹೊಗಳಿದ್ರು."

ಚೆನ್ನಾಗಿ ಸತ್ತದ್ದಕ್ಕೆ ಬಹುಮಾನವೆಂದು ಬದುಕಿರುವ ಪಾತ್ರ ಸಿಕ್ಕಿತು. ನಾಯಕಿಯ ಗೆಳತಿ, ನಾಯಕಿಯ ತಂಗಿ, ಕೊನೆಗೆ ಎರಡು ಚಿತ್ರಕ್ಕೆ ನಾಯಕಿ. ಎರಡನೆಯದು ಬರುವಷ್ಟರಲ್ಲಿ ಜಪಾನಿನ ಮನೆ ಮನೆಗೂ ಟೀವಿ ಬಂದಿತ್ತು, ಥಿಯೇಟರುಗಳು ಖಾಲಿ ಹೊಡೆಯುತ್ತಿದ್ದವು. ನಮ್ಮ ಅಂಗಡಿಯಲ್ಲೂ ಹೀಗೇ ಆಗುತ್ತದೆ. ಸೀರೆಯಲ್ಲಿ ದೋಷವಿರುವುದಿಲ್ಲ, ಆದರೆ ಆ ವರ್ಷ ಎಲ್ಲರೂ ಚೂಡಿದಾರ ಕೇಳುತ್ತಾರೆ.

ತೊಮಿಕೊಬಾಯಿ ಟೀವಿಗೆ ಹೋದರು. ಅತ್ತೆಯ ಪಾತ್ರ ಬಂದಾಗ ಅವರಿಗೆ ಮೂವತ್ತಾರು. ಸೊಸೆಯಾದವಳು ಅವರಿಗಿಂತ ನಾಲ್ಕೇ ವರ್ಷ ಚಿಕ್ಕವಳು. ತಲೆಗೆ ಬಿಳಿ ಬಣ್ಣ ಬಳಿದು ಕೂರಿಸಿದರು. ದೇಶವೆಲ್ಲ ನೋಡಿತು. ಸೊಸೆಗೆ ಸಾಬೂನಿನ, ಚಹಾದ ಜಾಹೀರಾತುಗಳು ಬಂದವು. ಅತ್ತೆಗೆ ಬಂದದ್ದು ಬೈಗುಳ. ಮೀನಿನಂಗಡಿಯವಳು ಮೀನು ಕೊಡಲಿಲ್ಲ. ಟ್ಯಾಕ್ಸಿಯವನು ಅರ್ಧ ದಾರಿಯಲ್ಲಿ ಇಳಿಸಿ, ಸೊಸೆ ನಡೆದ ಹಾಗೆ ನೀವೂ ನಡೆಯಿರಿ ಎಂದ. ಹೆತ್ತ ತಾಯಿಯೇ ಫೋನ್ ಮಾಡಿ, ನಾಳೆಯ ಕಂತಿನಲ್ಲಾದರೂ ಆ ಹುಡುಗಿಗೆ ಎರಡು ತುತ್ತು ಹಾಕು, ಸ್ನಾನಕ್ಕೆ ಬರುವವರಿಗೆ ಮುಖ ತೋರಿಸಲಾಗುತ್ತಿಲ್ಲ ಎಂದರಂತೆ.

"ಮತ್ತ ಇವ್ರನ್ನ ಹೆಂಗ ಮದಿವಿ ಆದ್ರಿ?" ಎಂದು, ಪಕ್ಕದಲ್ಲಿ ಪತ್ರಿಕೆ ಓದುತ್ತಿದ್ದ ಯಜಮಾನರ ಕಡೆ ಕೈಮಾಡಿ, ಸನ್ನೆಯಲ್ಲಿ ಕೇಳಿದೆ.

"ಅವರೊಬ್ಬರೇ ಆ ಸೀರಿಯಲ್ ನೋಡಿರಲಿಲ್ಲ," ಎಂದರು.

ಮದುವೆಯ ಬೆನ್ನಿಗೇ ಕಂಪನಿ ಗ್ರೀನ್‌ವಿಲ್ಲಿಗೆ ಕಳಿಸಿತು, ನಟನೆ ಅಲ್ಲಿಗೆ ನಿಂತಿತು. ಇಷ್ಟು ಹೇಳಿ ಒಂದು ಕಾಗದ ತೋರಿಸಿದರು. ಆ ಧಾರಾವಾಹಿಯಲ್ಲಿ ಸಹಾಯಕನಾಗಿದ್ದವನು ಈಗ ದೊಡ್ಡ ನಿರ್ದೇಶಕ. ಹೊಸದೊಂದು ತೆಗೆಯುತ್ತಿದ್ದಾನೆ, ಕಥೆಯೆಲ್ಲ ಒಬ್ಬ ಅಜ್ಜಿಯ ಸುತ್ತ. ಆ ಪಾತ್ರಕ್ಕಾಗಿ ತೊಮಿಕೊಬಾಯಿ ಮೂರು ಪತ್ರ ಬರೆದಿದ್ದರು. ಚೆರ್ರಿ ಹೂ ಬಿಡುವ ಹೊತ್ತಿಗೆ ಚಿತ್ರೀಕರಣಕ್ಕೆಂದು ಅವನು ವಾಷಿಂಗ್ಟನ್ನಿಗೆ ಬರುವವನಿದ್ದ. ಉತ್ತರ ಒಂದೇ ಸಾಲು: ಭಾನುವಾರ ಸಂಜೆ ಎರಡು ತಾಸು ಬಿಡುವಿದೆ, ಹಳೆಯ ಸ್ನೇಹಿತರಾಗಿ ಭೇಟಿಯಾಗೋಣ.

"ಹಳೆಯ ಸ್ನೇಹಿತರು ಅಂದ್ರೆ ಪಾತ್ರ ಇಲ್ಲ ಅಂತ," ಎಂದರು. ಕಾಗದವನ್ನು ಮೊದಲಿನ ಮಡಿಕೆಗೇ ಮಡಿಸಿ ಲಕೋಟೆಗೆ ಹಾಕಿದರು. "ಇದು ಹೋದ್ರೆ ಇನ್ನು ಯಾರೂ ಕರೆಯಲ್ಲ."

ಅರಿಸಾವಾ ಯಜಮಾನರು ಪತ್ರಿಕೆಯ ಹಿಂದಿನಿಂದ ಮುಖ ತೆಗೆಯದೆ, "ನಿನ್ನ ನೆನಪು ಯಾರಿಗಿದೆ?" ಎಂದರು. ಮುಂದಿನ ಪುಟ ತಿರುವಿ, "ಅದೂ ಒಳ್ಳೆಯದೇ," ಎಂದು ಸೇರಿಸಿದರು.

ನನಗೆ ಆ ಮಾತು ತಡೆಯಲಿಲ್ಲ. ಗಿರಾಕಿ ಸೀರೆಯ ಕಡೆ ತಿರುಗಿಯೂ ನೋಡದಿದ್ದರೆ ಬೆಲೆ ಇಳಿಸುವವರು ಮೂರ್ಖರು. ಅದೇ ಸೀರೆಯನ್ನು ಇನ್ನೊಬ್ಬಳು ಕೈಯಲ್ಲಿ ಹಿಡಿದು ನೋಡುತ್ತಿರಬೇಕು, ಆಗ ನೋಡಿ. ಆ ಭಾನುವಾರವೇ ವಾಷಿಂಗ್ಟನ್ ಪಕ್ಕದ ಮೇರಿಲ್ಯಾಂಡಿನಲ್ಲಿ ಕನ್ನಡದವರ ಯುಗಾದಿ ಕಾರ್ಯಕ್ರಮವಿತ್ತು, ನಾನು ಸೀರೆ ಹಿಡಿದು ಹೋಗುವವಳೇ ಇದ್ದೆ. ಸಭೆ ತುಂಬ ಅವರನ್ನು ಬೈಯುತ್ತಲೇ ಧಾರಾವಾಹಿ ನೋಡಿದ ಅಭಿಮಾನಿಗಳು. ನಿರ್ದೇಶಕನನ್ನು ಅಲ್ಲಿಗೇ ಕರೆಸಿ ಎಂದೆ.

ಷಾರ್ಲೆಟ್

ಗ್ರೀನ್‌ವಿಲ್ಲಿನಿಂದ ವಾಷಿಂಗ್ಟನ್ನಿಗೆ ಅರಿಸಾವಾ ಯಜಮಾನರ ಕಾರಿನಲ್ಲೇ ಹೊರಟೆವು. ಬೋರ್ಡಿನಲ್ಲಿ ಎಷ್ಟು ವೇಗ ಬರೆದಿದೆಯೋ ಅಷ್ಟೇ, ಕೂದಲೆಳೆಯಷ್ಟೂ ಹೆಚ್ಚಿಲ್ಲ. ನಮ್ಮನ್ನು ಶಾಲೆಯ ಬಸ್ಸು ಹಿಂದೆ ಹಾಕಿತು. ಆಮೇಲೆ ಒಂದು ಇಡೀ ಮನೆಯನ್ನು ಹೇರಿಕೊಂಡ ಲಾರಿ ಹಿಂದೆ ಹಾಕಿತು. ಕಿಟಕಿ, ಬಾಗಿಲು, ಬಾಗಿಲ ಮುಂದಿನ ದೀಪ ಸಮೇತ ಮನೆಯೊಂದು ಪಕ್ಕದಲ್ಲೇ ದಾಟಿಹೋಗುವುದನ್ನು ನೋಡುತ್ತ ಕೂತೆ. ನಮ್ಮಲ್ಲಿ ಮನೆ ಬದಲಾಯಿಸುವುದೆಂದರೆ ಪಾತ್ರೆಪಡಗ ಸಾಗಿಸುವುದು. ಇವರು ಗೋಡೆಯನ್ನೂ ಬಿಡುವುದಿಲ್ಲ.

ಮಧ್ಯಾಹ್ನ ಷಾರ್ಲೆಟ್‌ನಲ್ಲಿ ಗಿರಾಕಿಯೊಬ್ಬಳ ಮನೆಯಲ್ಲಿ ಊಟ. ಅಲ್ಲಿಂದಲೇ ಮೇರಿಲ್ಯಾಂಡಿನ ಸಂಘದ ಕಾರ್ಯದರ್ಶಿ ರಘುವಿಗೆ ಫೋನ್ ಹಚ್ಚಿದೆ. ಮೈಸೂರಿನ ಹುಡುಗ, ಸಾಫ್ಟ್‌ವೇರು.

"ವಾವ್ ಆಂಟಿ, ಜಪಾನ್ ಆ್ಯಕ್ಟ್ರೆಸ್ಸಾ? ಸೂಪರ್! ಚೀಫ್ ಗೆಸ್ಟ್ ಮಾಡ್ಬಿಡೋಣ. ಯಾವ ರೋಲ್ ಮಾಡಿದ್ರು?"

"ಅತ್ತೀದು."

ಅವನ ದನಿಯ ಉತ್ಸಾಹ ಇಳಿಯಿತು.

"ಆ ಅತ್ತೆನಾ? ಆಂಟಿ... ಯುಗಾದಿ ದಿನ ನೆಗೆಟಿವ್ ಕ್ಯಾರೆಕ್ಟರ್‌ಗೆ ಸನ್ಮಾನ ಹೇಗ್ ಮಾಡೋದು? ನಮ್ಮಮ್ಮ ಬೇರೆ ಇಂಡಿಯಾದಿಂದ ಬಂದಿದಾರೆ. ನನ್ನ ವೈಫ್ ಭಾರತಿ ಬೇರೆ ಇರ್ತಾಳೆ."

"ರಾವಣನ ಪಾತ್ರ ಮಾಡಿದವ್ರಿಗೆ ನೀವು ಹಾರ ಹಾಕೂದಿಲ್ಲೇನಪಾ?"

"ಅದು ಮೈಥಾಲಜಿ ಆಂಟಿ. ಇದು ಫ್ಯಾಮಿಲಿ."

ಆದರೂ ಮುಖ್ಯ ಅತಿಥಿಯಿಲ್ಲದೆ ಒದ್ದಾಡುತ್ತಿದ್ದ. ಕೊನೆಗೆ, "ನೀವು ಟೆನ್ಷನ್ ತಗೋಬೇಡಿ, ನಾನು ಹ್ಯಾಂಡಲ್ ಮಾಡ್ತೀನಿ," ಎಂದ. ಇಲ್ಲಿ ನಾನು ತಪ್ಪಿದೆ. ಹ್ಯಾಂಡಲ್ ಮಾಡುತ್ತೇನೆ ಎಂದು ಯಾರಾದರೂ ಹೇಳಿದರೆ, ಹೇಗೆ ಎಂದು ಕೇಳದೆ ಫೋನ್ ಇಡಬೇಡಿ.

ವಾಷಿಂಗ್ಟನ್

ವಾಷಿಂಗ್ಟನ್ನಿನ ಚೆರ್ರಿ ಮರಗಳು ಮೂಲದಲ್ಲಿ ಜಪಾನಿನವರು ಉಡುಗೊರೆಯಾಗಿ ಕೊಟ್ಟವು. ಕೊಳದ ಸುತ್ತ ಎಲೆಯೇ ಕಾಣದಷ್ಟು ಹೂ. ಲಕ್ಷಾಂತರ ಹೂ ಕೈಗೆಟುಕುವಂತಿದ್ದರೂ ಒಬ್ಬರೂ ಒಂದನ್ನೂ ಕೀಳುತ್ತಿರಲಿಲ್ಲ. ನಮ್ಮ ಬಡಾವಣೆಯಲ್ಲಿ ನಸುಕಿಗೆ ವಾಕಿಂಗ್ ಹೋಗುವ ಭಕ್ತರು ಕೊಕ್ಕೆಕೋಲು ಹಿಡಿದು ಬಂದರೆ ಕಾಂಪೌಂಡಿನೊಳಗಿನ ದಾಸವಾಳಕ್ಕೂ ರಕ್ಷಣೆಯಿಲ್ಲ. ಕಂಡವರ ಹೂವಿನಿಂದ ಪೂಜೆ ಮಾಡಿದರೆ ಪುಣ್ಯ ಯಾರಿಗೆ ಸೇರುತ್ತದೆ ಎಂದು ನಾನು ಬಹಳ ಸಲ ಕೇಳಿದ್ದೇನೆ. ವಾಕಿಂಗ್ ನಿಲ್ಲಿಸಿ ಉತ್ತರಿಸಿದವರಿಲ್ಲ.

ತೊಮಿಕೊಬಾಯಿ ಹೂ ನೋಡಲೇ ಇಲ್ಲ. ನೀರಿನಲ್ಲಿ ತಮ್ಮ ಮುಖ ನೋಡಿಕೊಳ್ಳುತ್ತ ಕೂತಿದ್ದರು.

ಮೇರಿಲ್ಯಾಂಡ್, ಯುಗಾದಿ

ಕಾರ್ಯಕ್ರಮ ಒಂದು ಶಾಲೆಯ ಸಭಾಂಗಣದಲ್ಲಿ. ಕರಪತ್ರದಲ್ಲಿ ನಾಲ್ಕು ಗಂಟೆ ಎಂದಿತ್ತು. ನಮ್ಮ ನಾಲ್ಕು ಎಂದರೆ ಎಷ್ಟು ಎಂದು ಬಲ್ಲ ನಾನು ನಿರ್ದೇಶಕನಿಗೆ ಐದೂವರೆ ಎಂದು ಹೇಳಿಸಿದ್ದೆ. ಅವನು ಐದು ಇಪ್ಪತ್ತೆಂಟಕ್ಕೆ ಬಂದ. ತೆಳ್ಳಗಿನ ಮನುಷ್ಯ, ಕೈಯಲ್ಲೊಂದು ಸಣ್ಣ ನೋಟ್‌ಬುಕ್ಕು. ಏಳೂವರೆಗೆ ಹೊರಡಲೇಬೇಕು ಎಂದು ಬಾಗಿಲಲ್ಲೇ ಹೇಳಿದ. ವೇದಿಕೆಯ ಮೇಲೆ ಒಬ್ಬರು ಮೈಕಿಗೆ "ಹಲೋ, ಹಲೋ" ಎನ್ನುತ್ತಿದ್ದರು.

ಆರಕ್ಕೆ ಪ್ರಾರ್ಥನೆ. ಆಮೇಲೆ ಸ್ವಾಗತ, ಪ್ರಾಸ್ತಾವಿಕ ನುಡಿ, ಅಧ್ಯಕ್ಷರ ನುಡಿ, ಮಾಜಿ ಅಧ್ಯಕ್ಷರ ನುಡಿ. ಇವರಿಬ್ಬರ ನಡುವೆ ಮಾತಿಲ್ಲ, ಕಥೆಯಿಲ್ಲ, ಹಾಗಾಗಿ ಇಬ್ಬರೂ ಮೈಕಿನಲ್ಲಿ ಬಹಳ ಮಾತಾಡಿದರು. ನಂತರ ಮಕ್ಕಳ ಛದ್ಮವೇಷ. ನಾಲ್ಕು ಜನ ಕಿತ್ತೂರ ಚೆನ್ನಮ್ಮ ಒಬ್ಬರ ಹಿಂದೊಬ್ಬರು ಬಂದು, "ನಿಮ್ಗೆ ಯಾಕ್ ಕೊಡ್ಬೇಕು ಕಪ್ಪಾ?" ಎಂದು ಅಮೆರಿಕದ ದನಿಯಲ್ಲಿ ಕೇಳಿ, ಕತ್ತಿ ಬೀಳಿಸಿಕೊಂಡು ಹೋದರು.

ಏಳು ಹೊಡೆಯಿತು. ನಿರ್ದೇಶಕ ಬಾಗಿ, "ಯಾವಾಗ ಶುರುವಾಗುತ್ತೆ?" ಎಂದು ನನ್ನನ್ನು ಕೇಳಿದ. ಪಕ್ಕದಲ್ಲಿ ತೊಮಿಕೊಬಾಯಿ ಕಣ್ಣು ಮಿಟುಕಿಸದೆ ಗಡಿಯಾರ ನೋಡುತ್ತಿದ್ದರು. ಇನ್ನು ಆರು ಚೆನ್ನಮ್ಮಂದಿರು ಪರದೆಯ ಹಿಂದಿದ್ದರು.

ನಾನೆದ್ದು ಊಟದ ಕೋಣೆಗೆ ಹೋಗಿ ಹೋಳಿಗೆಯ ತಟ್ಟೆಗಳ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಬಡಿಸಲು ಬಂದವರಿಗೆ, ಸನ್ಮಾನ ಮುಗಿಯುವ ತನಕ ಮುಚ್ಚಳ ತೆಗೆಯುವುದಿಲ್ಲ ಎಂದೆ. ಸುದ್ದಿ ಎರಡೇ ನಿಮಿಷದಲ್ಲಿ ಸಭಾಂಗಣ ಮುಟ್ಟಿತು. ರಘು ಓಡಿ ಬಂದ.

"ಆಂಟಿ, ಇದು ಬ್ಲ್ಯಾಕ್‌ಮೇಲ್!"

"ಅಲ್ಲಪಾ, ವ್ಯಾಪಾರ."

ಏಳು ಹತ್ತಕ್ಕೆ ತೊಮಿಕೊಬಾಯಿ ವೇದಿಕೆ ಹತ್ತಿದರು. ರಘು ಪರಿಚಯ ಭಾಷಣ ಶುರು ಮಾಡಿದ. ಅವನು ಹೇಗೆ ಹ್ಯಾಂಡಲ್ ಮಾಡಿದ್ದ ಎಂಬುದು ಆಗ ತಿಳಿಯಿತು. "ಮುಗ್ಧ ಸೊಸೆಯ ಪಾತ್ರದಲ್ಲಿ ನಮ್ಮೆಲ್ಲರ ಕಣ್ಣಲ್ಲಿ ನೀರು ತರಿಸಿದ ಮಹಾನ್ ಕಲಾವಿದೆ..." ಎಂದು ಓದಿದ. ಅತಿಥಿಗಳಿಗೆ ತಿಳಿಯಲೆಂದು ಅದನ್ನೇ ಇಂಗ್ಲಿಷಿನಲ್ಲೂ ಹೇಳಿದ.

ಸಭೆಯಲ್ಲಿ ಗುಸುಗುಸು ಎದ್ದಿತು. "ಆ ಸೊಸೆ ಇಷ್ಟ್ ವಯಸ್ಸಾಗೋದ್ಳಾ?" "ಅವ್ಳ ಕೆನ್ನೇಲಿ ಗುಳಿ ಇತ್ತಲ್ವಾ?" ನಿರ್ದೇಶಕ ನೋಟ್‌ಬುಕ್ಕು ಮುಚ್ಚಿ ಜೇಬಿಗಿಟ್ಟ. ಅರಿಸಾವಾ ಯಜಮಾನರು ತಮ್ಮ ಬೂಟುಗಳನ್ನು ನೋಡತೊಡಗಿದರು. ಯಾರಿಗೂ ನೆನಪಿಲ್ಲ ಎಂಬ ಅವರ ಮಾತನ್ನು ನಮ್ಮವರೇ ಮೈಕು ಹಿಡಿದು ಸಾಬೀತು ಮಾಡಿದ್ದರು. ಅದೂ ಬಾಳೆಲ್ಲ ಬೈಸಿಕೊಂಡು ಸಂಪಾದಿಸಿದ ಹೆಸರನ್ನು, ಸಾಬೂನು ಮಾರಿದ ಆ ಸೊಸೆಗೆ ಬರೆದುಕೊಟ್ಟು.

ತೊಮಿಕೊಬಾಯಿಗೆ ಎಲ್ಲ ಅರ್ಥವಾಗಿತ್ತು. ಮುಖದಲ್ಲಿ ಏನೂ ಕಾಣಲಿಲ್ಲ. ಶಾಲು ಹೊದಿಸಿದರು, ಬಾಗಿದರು. ಹಣ್ಣಿನ ಬುಟ್ಟಿ ಕೊಟ್ಟರು, ಬಾಗಿದರು. ಮೈಸೂರು ಪೇಟ ಇಟ್ಟರು, ಅದು ಹುಬ್ಬಿನವರೆಗೆ ಜಾರಿತು. "ಈಗ ಮೇಡಂ ಎರಡು ಮಾತು," ಎಂದ ರಘು. ಅಷ್ಟರಲ್ಲಿ ಅವನ ಹೆಂಡತಿ ಭಾರತಿ ಸ್ಟೀಲ್ ಲೋಟದಲ್ಲಿ ಕಾಫಿ ತಂದು ಅತಿಥಿಯ ಮುಂದಿಟ್ಟಳು. ಆಫೀಸಿನಲ್ಲಿ ಇಪ್ಪತ್ತು ಜನರನ್ನು ಆಳುವ ಹುಡುಗಿ, ನನ್ನ ಹತ್ತಿರವೂ ಜಗ್ಗಾಡಿ ಗೆದ್ದವಳು.

ತೊಮಿಕೊಬಾಯಿ ಮೈಕನ್ನು ಮುಟ್ಟಲಿಲ್ಲ. ಪೇಟ ತೆಗೆದು ಮೇಜಿನ ಮೇಲಿಟ್ಟರು. ಬೆನ್ನು ನೆಟ್ಟಗೆ ಮಾಡಿದರು, ನೋಡನೋಡುತ್ತಿದ್ದಂತೆ ಒಂದು ಗೇಣು ಎತ್ತರವಾದರು. ಲೋಟ ಎತ್ತಿ ಒಂದು ಗುಟುಕು ಕುಡಿದರು. ಮುಖ ಸಿಂಡರಿಸಲಿಲ್ಲ. ಲೋಟವನ್ನು ಸದ್ದಾಗದಂತೆ ಕೆಳಗಿಟ್ಟು, ಒಂದೇ ಬೆರಳಿನಿಂದ ಮೆಲ್ಲಗೆ ದೂರ ಸರಿಸಿದರು. ಆಮೇಲೆ ಭಾರತಿಯನ್ನು ಪಾದದಿಂದ ಹಣೆಯವರೆಗೆ ನೋಡಿದರು. ನೋಡಿ ಮುಗಿಸಿ, ಅಲ್ಲಿ ಯಾರೂ ಇಲ್ಲವೆಂಬಂತೆ ಗೋಡೆಯ ಕಡೆ ತಿರುಗಿದರು.

ಭಾರತಿಯ ಕೈ ತಾನಾಗಿ ಸೆರಗಿಗೆ ಹೋಯಿತು.

"ಬೇರೆ ಮಾಡ್ಕೊಂಡ್ ಬರ್ಲಾ, ಅತ್ತೆ?" ಎಂದಳು. ಮೈಕು ಅದನ್ನು ಮೂಲೆಮೂಲೆಗೂ ಮುಟ್ಟಿಸಿತು.

ಹಿಂದಿನ ಸಾಲಿನಿಂದ ಕೂಗು: "ಅಯ್ಯೋ, ಅದೇ ಅತ್ತೆ ಕಣ್ರೇ!" ಚಪ್ಪಾಳೆ, ಶಿಳ್ಳೆ, ನಡುನಡುವೆ ಬೈಗುಳ. "ಆ ಮಗೂನ ಹಿಮದಲ್ಲಿ ಯಾಕ್ ಕಳಿಸ್ದೆ?" ಎಂದು ಒಬ್ಬರು ಎದ್ದು ನಿಂತೇ ಕೇಳಿದರು. ರಘು ಮೈಕು ಕಿತ್ತುಕೊಂಡು, "ಸಾರಿ, ಇಂಟ್ರೊದಲ್ಲಿ ಸ್ವಲ್ಪ ಕನ್‌ಫ್ಯೂಷನ್ ಆಗಿತ್ತು," ಎಂದ. ಯಾರೂ ಕೇಳಿಸಿಕೊಳ್ಳಲಿಲ್ಲ. ಬೈಗುಳಕ್ಕೆಲ್ಲ ತೊಮಿಕೊಬಾಯಿ ಬಾಗಿ ಬಾಗಿ ನಮಸ್ಕರಿಸುತ್ತಿದ್ದರು. ಕಣ್ಣಲ್ಲಿ ನೀರಿತ್ತು.

ಏಳೂವರೆಯಾಯಿತು, ನಿರ್ದೇಶಕ ಏಳಲಿಲ್ಲ.

ಹೋಳಿಗೆಗಿಂತ ಮೊದಲು ಇನ್ನೊಂದು ಸಾಲು ಬೆಳೆಯಿತು. ಮಕ್ಕಳ ಮನೆಗೆಂದು ಆರು ತಿಂಗಳ ಮಟ್ಟಿಗೆ ಬಂದಿದ್ದ ನಮ್ಮ ನಿಜವಾದ ಅತ್ತೆಯರೆಲ್ಲ ತೊಮಿಕೊಬಾಯಿಯನ್ನು ಸುತ್ತುಗಟ್ಟಿದರು. ಸೊಸೆಯ ಕಾರಿಲ್ಲದೆ ಅಂಗಡಿಗೂ ಹೋಗಲಾಗದೆ, ಟೀವಿಯ ರಿಮೋಟೂ ಕೈಗೆ ಸಿಗದೆ ಇದ್ದವರು. ರಘುವಿನ ತಾಯಿ ಸೀತಮ್ಮನವರು ಎಲ್ಲರನ್ನೂ ಸರಿಸಿ ಮುಂದೆ ಬಂದು ಅವರ ಕೈ ಹಿಡಿದುಕೊಂಡರು. "ಒಂದ್ ಮಾತೂ ಆಡ್ದೆ ಹೇಗಮ್ಮ ಮಾಡಿದ್ರಿ? ನಾನು ದಿನಾ ಬಡ್ಕೊಂಡ್ರೂ ನನ್ನ ಹಿತ್ತಾಳೆ ಪಾತ್ರೇನ ಡಿಶ್‌ವಾಷರ್‌ಗೇ ಹಾಕ್ತಾಳೆ." ತೊಮಿಕೊಬಾಯಿಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೂ ಗಂಭೀರವಾಗಿ ತಲೆಯಾಡಿಸಿ, ಗಲ್ಲವನ್ನು ಎಷ್ಟು ಎತ್ತಬೇಕೆಂದು ಸೀತಮ್ಮನವರ ಗಲ್ಲ ಹಿಡಿದೇ ತೋರಿಸಿದರು. ಆಮೇಲೆ ಆ ಮನೆಯಲ್ಲಿ ಏನಾಯಿತೋ ನಾನು ವಿಚಾರಿಸಲಿಲ್ಲ. ಭಾರತಿಯೂ ಗಿರಾಕಿ, ಸೀತಮ್ಮನವರೂ ಗಿರಾಕಿ.

ಊಟಕ್ಕೆ ನಾವು ನಾಲ್ವರು ಮೂಲೆಯ ಮೇಜಿನಲ್ಲಿ ಕೂತೆವು. ನಿರ್ದೇಶಕ ನನ್ನ ಮೇಲಿನ ಮರ್ಯಾದೆಗೆ ಇಂಗ್ಲಿಷಿನಲ್ಲೇ ಮಾತಾಡಿದ. "ನಿಮ್ಮನ್ನು ಯಾರೂ ಮರೆತಿಲ್ಲ," ಎಂದ. ತೊಮಿಕೊಬಾಯಿ ಚಮಚ ಕೆಳಗಿಟ್ಟರು. "ಆದರೆ ನನ್ನ ಅಜ್ಜಿಗೆ ಅರವತ್ತಾಗಬೇಕು. ನೀವಿನ್ನೂ ಚಿಕ್ಕವರು. ಪಕ್ಕದ ಮನೆಯ ಹೆಂಗಸಿನದೊಂದು ಪಾತ್ರವಿದೆ. ಎರಡು ದಿನದ ಕೆಲಸ."

ಇಷ್ಟು ಸಿಹಿಯಾಗಿ ಇಲ್ಲವೆಂದವರನ್ನು ನಾನು ಕಂಡಿಲ್ಲ. ಹೆಂಗಸಿಗೆ ನೀವಿನ್ನೂ ಚಿಕ್ಕವರು ಎಂದರೆ ಅವಳು ಏನೆಂದು ಜಗಳ ತೆಗೆಯಬೇಕು?

"ಐವತ್ತೊಂಬತ್ತು," ಎಂದರು ತೊಮಿಕೊಬಾಯಿ.

ಅವರಿಗೆ ಐವತ್ತೆರಡು. ನನಗೆ ಐವತ್ತಮೂರು. ಚಹಾ ಕುಡಿಯುವಾಗಲೇ ಇಬ್ಬರೂ ಬೆರಳೆಣಿಸಿ ನೋಡಿಕೊಂಡಿದ್ದೆವು. ಅಂಗಡಿಯಲ್ಲಿ ಕೂತು ಹೆಂಗಸರು ವಯಸ್ಸು ಇಳಿಸುವುದನ್ನು ಬಹಳ ಕೇಳಿದ್ದೇನೆ. ಏರಿಸಿದ್ದನ್ನು ಕೇಳಿದ್ದು ಅಂದೇ, ಅದೂ ಒಬ್ಬ ನಟಿಯ ಬಾಯಲ್ಲಿ.

ನಿರ್ದೇಶಕ ನಂಬಲಿಲ್ಲ. ನಕ್ಕು, ಅರಿಸಾವಾ ಯಜಮಾನರ ಕಡೆ ತಿರುಗಿದ. "ನಿಜವೇ?"

ಬೋರ್ಡಿನಲ್ಲಿ ಬರೆದ ವೇಗವನ್ನು ಒಮ್ಮೆಯೂ ಮೀರದ ಮನುಷ್ಯ. ಹೋಳಿಗೆಯ ತುಂಡು ಬಾಯಲ್ಲಿತ್ತು. ನಿಧಾನವಾಗಿ ಅಗಿದು ನುಂಗಿದರು. ಕಾಗದದ ಕರವಸ್ತ್ರದಿಂದ ತುಟಿ ಒರೆಸಿ, ಅದನ್ನು ನಾಲ್ಕು ಮಡಿಕೆ ಮಾಡಿದರು. ತೊಮಿಕೊಬಾಯಿ ಅವರನ್ನು ನೋಡಲಿಲ್ಲ, ತಟ್ಟೆ ನೋಡುತ್ತಿದ್ದರು.

"ಮುಂದಿನ ತಿಂಗಳು ಅರವತ್ತು ತುಂಬುತ್ತೆ," ಎಂದರು ಯಜಮಾನರು. ಸ್ವಲ್ಪ ಯೋಚಿಸಿ, "ಮೊಣಕಾಲು ನೋವೂ ಇದೆ," ಎಂದು ಸೇರಿಸಿದರು.

ನಿರ್ದೇಶಕ ಜೇಬಿನಿಂದ ನೋಟ್‌ಬುಕ್ಕು ತೆಗೆದ. "ಇವರು ಎಂಟು ತಿಂಗಳು ಟೋಕಿಯೋದಲ್ಲಿರಬೇಕು. ಇಲ್ಲಿ ನಿಮ್ಮ ಊಟ?"

"ಅಡುಗೆ ನನಗೆ ಚೆನ್ನಾಗಿ ಬರುತ್ತೆ," ಎಂದರು ಯಜಮಾನರು.

ತೊಮಿಕೊಬಾಯಿ ತಲೆಯೆತ್ತಿದರು. ಮದುವೆಯಾದಾಗಿನಿಂದ ಆ ಮನುಷ್ಯ ನೀರು ಕಾಯಿಸಿದ್ದನ್ನೂ ತಾನು ಕಂಡಿಲ್ಲ ಎಂಬಂತೆ ಗಂಡನ ಮುಖವನ್ನೇ ನೋಡಿದರು. ಅವರು ಮಾತ್ರ ಕರವಸ್ತ್ರದ ಐದನೆಯ ಮಡಿಕೆಯಲ್ಲಿದ್ದರು.

ನಿರ್ದೇಶಕ ಬರೆದುಕೊಳ್ಳತೊಡಗಿದ. ನಾನು ಎದ್ದುಹೋಗಿ ಇನ್ನೊಂದು ಹೋಳಿಗೆ ತಂದು ಅರಿಸಾವಾ ಯಜಮಾನರ ತಟ್ಟೆಗೆ ಹಾಕಿದೆ. ಅದರ ಮೇಲೆ, ಸಂಘದವರ ತುಪ್ಪವೆಂದು ನೋಡದೆ, ಧಾರಾಳವಾಗಿ ಸುರಿದೆ.